ಹಾಡಲು ಬಂದವರಿಗೆ ಶಾಲು

ನಮ್ಮ ಮನೆಯ ಮಿಕ್ಸಿಗೆ ಸನ್ಮಾನವಾಗಿದೆ. ನಂಬದಿದ್ದರೆ ಬಂದು ನೋಡಿ. ಅಡುಗೆಕಟ್ಟೆಯ ಮೇಲೆ ಜರಿಯಂಚಿನ ಮೆರೂನ್ ಶಾಲು ಹೊದ್ದುಕೊಂಡು ಮುಖ್ಯ ಅತಿಥಿಯ ಗತ್ತಿನಲ್ಲಿ ಕೂತಿದೆ. ಚಟ್ನಿ ರುಬ್ಬುವಾಗ ಶಾಲು ತೆಗೆಯುತ್ತೇನೆ, ರುಬ್ಬಿ ಮುಗಿದ ಮೇಲೆ ಮತ್ತೆ ಹೊದಿಸುತ್ತೇನೆ. ದಿನಕ್ಕೆರಡು ಬಾರಿ ಸನ್ಮಾನ ಮಾಡಿಸಿಕೊಳ್ಳುವ ಭಾಗ್ಯ ನಮ್ಮ ರಾಜ್ಯದಲ್ಲಿ ಇನ್ಯಾರಿಗಿದೆಯೋ ಗೊತ್ತಿಲ್ಲ. ಕೆಲವರಿಗೆ ಇದ್ದರೂ ಇರಬಹುದು.

ಸನ್ಮಾನದ ಶಾಲಿನ ಗುಣ ನಿಮಗೂ ಗೊತ್ತು. ಹೊದ್ದರೆ ಚಳಿ ಹೋಗುವುದಿಲ್ಲ, ಒರೆಸಿದರೆ ನೀರು ಹೀರುವುದಿಲ್ಲ, ಹಾಸಿದರೆ ಜಾರುತ್ತದೆ, ಕತ್ತಿಗೆ ತಾಗಿದರೆ ಕೆರೆತ ಶುರು. ಎಸೆಯೋಣವೆಂದರೆ ಅದು ಗೌರವ. ಗೌರವವನ್ನು ಕಸದ ಗಾಡಿಗೆ ಹಾಕುವುದು ಹೇಗೆ? ಹೀಗಾಗಿ ಅದು ಬೀರುವಿನ ಮೇಲಿನ ಅರೆಯಲ್ಲಿ ಕಾಲ ಕಳೆದು, ಇನ್ಯಾರಿಗಾದರೂ ಸನ್ಮಾನ ಮಾಡುವ ಪ್ರಸಂಗ ಬಂದಾಗ ಮಡಿಕೆ ಸರಿಮಾಡಿಸಿಕೊಂಡು ಹೊರಡುತ್ತದೆ. ಕರ್ನಾಟಕದಲ್ಲಿ ಇರುವುದೇ ಕೆಲವು ಶಾಲುಗಳು, ಅವೇ ಹೆಗಲಿಂದ ಹೆಗಲಿಗೆ ಸುತ್ತುತ್ತಿವೆ ಎಂಬುದು ನನ್ನ ಬಹಳ ಕಾಲದ ಗುಮಾನಿ.

ಮಿಕ್ಸಿಯ ಮೇಲಿನ ಈ ಶಾಲು ಮಾತ್ರ ಹಾಗೆ ಸುತ್ತಿ ಬಂದದ್ದಲ್ಲ. ಇದನ್ನು ಮೊದಲು ಹೊದ್ದವಳು ಹೆಲ್ಮಿ ಎಂಬ ಫಿನ್ಲೆಂಡಿನ ಹುಡುಗಿ. ಅಲ್ಲಿನ ಒಂದು ಕಾಲೇಜಿನ ಗಾಯಕವೃಂದದ ಜೊತೆ ಊರೂರು ಹಾಡುತ್ತ ಇಂಡಿಯಾ ಸುತ್ತಲು ಬಂದವಳು, ಪ್ರವಾಸದ ಕೊನೆಯ ಕೆಲವು ದಿನ ನಮ್ಮ ಮನೆಯಲ್ಲಿದ್ದಳು. ಬೆಂಗಳೂರಿಗೆ ಬರುವಷ್ಟರಲ್ಲೇ ಅವಳ ಪೆಟ್ಟಿಗೆಯಲ್ಲಿ ಚೆನ್ನೈ, ಕೊಚ್ಚಿ, ಮೈಸೂರಿನ ಶಾಲುಗಳು ತುಂಬಿಕೊಂಡು, ಹಾಕುವ ಬಟ್ಟೆಗೆ ಜಾಗವಿರಲಿಲ್ಲ. ನಮ್ಮ ಬಡಾವಣೆಯವರು ಹೊದಿಸಿದ್ದನ್ನು ಹೊರಡುವ ದಿನ ಚೆನ್ನಾಗಿ ಮಡಿಸಿ, ನಾಚಿಕೊಂಡು ನನ್ನ ಕೈಗೆ ಕೊಟ್ಟಳು.

ಇದು ತೊಂಬತ್ತರ ದಶಕದ ಕೊನೆಯ ಮಾತು. ಅಪ್ಪನಿಗೆ ಗದಗಿನಿಂದ ವರ್ಗವಾಗಿ ನಾವು ಬೆಂಗಳೂರಿನ ಕುಕ್ ಟೌನಿನ ಹಳೆಯ ಬಂಗಲೆಯೊಂದರ ಮಹಡಿಯಲ್ಲಿ ಬಾಡಿಗೆಗಿದ್ದೆವು. ನಾನು ಬಿ.ಕಾಂ. ಓದುತ್ತಿದ್ದೆ. ಅಪ್ಪನಿಗೆ ಕಚೇರಿ ಇತ್ತು, ನನಗೆ ಕಾಲೇಜಿತ್ತು. ಅವ್ವನಿಗೆ ಏನೂ ಇರಲಿಲ್ಲ. ತರಕಾರಿಯವನದು ತಮಿಳು, ದಿನಸಿ ಅಂಗಡಿಯವರದು ದಖನಿ ಉರ್ದು, ಕೆಳಗಿನ ಮನೆಯೊಡತಿಯದು ಇಂಗ್ಲಿಷ್. ಕನ್ನಡ ಬಲ್ಲವರೊಬ್ಬರು ಸಿಕ್ಕರು ಎಂದು ಅವ್ವ ಹಿಗ್ಗಿ ನಾಲ್ಕು ಮಾತಾಡಿದರೆ, ಅವರು ಪೂರ್ತಿ ಕೇಳಿಸಿಕೊಂಡು, "ನೀವು ಮರಾಠಿಯವ್ರಾ?" ಎಂದರು. ಅಂದಿನಿಂದ ಅವ್ವ ಹೊರಗೆ ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಬೇಕಾದ ಸಾಮಾನನ್ನು ಬೆರಳಲ್ಲಿ ತೋರಿಸಿ ತರುತ್ತಿದ್ದಳು. ಮನೆಯಲ್ಲಿ ರೊಟ್ಟಿ ಬಡಿಯುತ್ತ ಗಂಟಲು ಬಿಟ್ಟು ಹಾಡುವವಳು, ಗೇಟು ದಾಟಿದರೆ ಮೂಗಿ. ನನಗೆ ಅದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತಿತ್ತು.

ಗಾಯಕವೃಂದದವರಿಗೆ ಇಳಿದುಕೊಳ್ಳಲು ಮನೆಗಳನ್ನು ಹುಡುಕುತ್ತಿದ್ದವರು ಗ್ರೇಸ್ ಮಿಸ್. ನಮ್ಮ ಬೀದಿಯ ತುದಿಯ ಚರ್ಚಿನಲ್ಲಿ ಹಾಡುವವರನ್ನು ತಯಾರು ಮಾಡುತ್ತಿದ್ದವರು ಅವರೇ. ವಿದೇಶದ ಮಕ್ಕಳನ್ನು ಮನೆಯಲ್ಲಿಟ್ಟುಕೊಳ್ಳಲು ಏನೇನು ಅರ್ಹತೆ ಬೇಕೋ, ಇಂಗ್ಲಿಷ್ ಬರಬೇಕೋ, ಸಂಗೀತ ಬರಬೇಕೋ ಎಂದೆಲ್ಲ ನಾನು ಯೋಚಿಸಿಕೊಂಡಿದ್ದೆ. ಮಿಸ್ ಬಾಗಿಲಲ್ಲೇ ನಿಂತು ಕೇಳಿದ್ದು ಒಂದೇ ಪ್ರಶ್ನೆ.

"ಸುಮಾ, ನಿಮ್ಮನೇಲಿ ವೆಸ್ಟರ್ನ್ ಇದೆಯಾಮ್ಮಾ?"

ಇತ್ತು. ಮನೆಯೊಡತಿ ಎಂದೋ ಹಾಕಿಸಿದ ಕಮೋಡ್. ಅದರ ಉಪಯೋಗ ತಿಳಿದೂ ಒಪ್ಪದ ಅಪ್ಪ ಮುಚ್ಚಳ ಹಾಕಿ ಮೇಲೆ ಹಳೇ ಪೇಪರ್ ಪೇರಿಸಿಟ್ಟಿದ್ದರು.

"ಅಷ್ಟು ಸಾಕುಮ್ಮಾ. ಒಂದು ಹುಡುಗೀನ ಕಳಿಸ್ತೀನಿ," ಎಂದು ಮಿಸ್ ಮುಂದಿನ ಮನೆಗೆ ನಡೆದರು. ಕುಕ್ ಟೌನಿನಲ್ಲಿ ಯಾರ ಮನೆಗೆ ಅತಿಥಿಗಳು ಬಂದರು, ಯಾರ ಮನೆಗೆ ಬರಲಿಲ್ಲ ಎಂಬುದರಿಂದ ಯಾರ ಮನೆಯ ಕಕ್ಕಸು ಎಂಥದ್ದು ಎಂಬುದು ಇಡೀ ಬೀದಿಗೆ ಬಯಲಾಯಿತು.

ಆಮೇಲೆ ಶುರುವಾಯಿತು ನೋಡಿ ತಯಾರಿ. ಎದುರು ಮನೆಯವರು ರಾತ್ರಿ ಊಟಕ್ಕೆ ಕುಟುಂಬ ಸಮೇತ ಮುಳ್ಳುಚಮಚ ಹಿಡಿಯುವ ಅಭ್ಯಾಸ ಮಾಡಿದರು. ಬೀದಿಯ ಅಂಗಡಿಗಳಲ್ಲಿ ಕಾರ್ನ್‌ಫ್ಲೇಕ್ಸ್ ಖಾಲಿಯಾಯಿತು. ಅಪ್ಪ ರಸೆಲ್ ಮಾರ್ಕೆಟ್ಟಿನ ತನಕ ಹೋಗಿ ಒಂದು ಡಬ್ಬ ತಂದರು. ಮೊದಲ ದಿನ ಬೆಳಿಗ್ಗೆ ಅದನ್ನು ಬಟ್ಟಲಿಗೆ ಸುರಿದು, ಮೂವರೂ ಸುತ್ತ ನಿಂತು, ಹೆಲ್ಮಿ ತಿನ್ನುವುದನ್ನು ನೋಡಿದೆವು. ಅವಳು ನಾಲ್ಕು ಚಮಚ ತಿಂದಳು, ಪರೀಕ್ಷೆ ಬರೆಯುವವರ ಹಾಗೆ. ಅಷ್ಟರಲ್ಲಿ ಅವಳ ಕಣ್ಣು ಬುಟ್ಟಿಯಲ್ಲಿ ಬಟ್ಟೆ ಮುಚ್ಚಿಟ್ಟಿದ್ದ ಖಡಕ್ ರೊಟ್ಟಿಯ ಮೇಲೆ ಬಿತ್ತು. ಎದ್ದು ಹೋಗಿ ಒಂದನ್ನು ಎತ್ತಿ ಮುರಿದಳು. ಕಟ್ ಎಂದು ಸದ್ದಾಯಿತು. ಹುಡುಗಿಯ ಕಣ್ಣಲ್ಲಿ ನೀರು! ಅವರಜ್ಜಿಯ ಮನೆಯಲ್ಲೂ ಹೀಗೇ ದುಂಡಗಿನ ರೊಟ್ಟಿ ಸುಟ್ಟು, ಸೂರಿನ ಕೆಳಗೆ ಕೋಲಿಗೆ ಪೋಣಿಸಿ ಒಣಗಿಸಿ, ತಿಂಗಳುಗಟ್ಟಲೆ ಮುರಿದು ತಿನ್ನುತ್ತಾರಂತೆ. ಅವಳ ಹರಕು ಇಂಗ್ಲಿಷನ್ನು ನಾನು ಕನ್ನಡ ಮಾಡಿ ಹೇಳಿದೆ.

"ಅಂದ್ರ ಇವ್ರೂ ನಮ್ಮ ಕಡೆಯವ್ರ ಅನ್ನು," ಎಂದು ಅವ್ವ ತೀರ್ಪು ಕೊಟ್ಟಳು. ಕಾರ್ನ್‌ಫ್ಲೇಕ್ಸ್ ಅಪ್ಪನ ಪಾಲಿಗೆ ಬಂತು. ಅವರು ಅದಕ್ಕೆ ಒಗ್ಗರಣೆ ಹಾಕಿಸಿ ಚೂಡಾ ಮಾಡಿಸಿಕೊಂಡು ತಿಂದರು.

ಹೆಲ್ಮಿ ಕಲಿತ ಮೊದಲ ಕನ್ನಡ ಪದ "ಸಾಕು". ಕಲಿತು ಪ್ರಯೋಜನವಾಗಲಿಲ್ಲ. ನಮ್ಮಲ್ಲಿ ಮೊದಲನೆಯ ಸಾಕು ಎಂದರೆ ನಾಚಿಕೆ, ಎರಡನೆಯ ಸಾಕು ಎಂದರೆ ಮರ್ಯಾದೆ, ಮೂರನೆಯದಕ್ಕಷ್ಟೇ ಅರ್ಥ ಎಂಬುದು ಅವಳಿಗೆ ಹೇಗೆ ಗೊತ್ತಾಗಬೇಕು? ಅವರ ದೇಶದಲ್ಲಿ ಜನ ಒಂದು ಮಾತನ್ನು ಒಂದೇ ಸಲ ಹೇಳುತ್ತಾರಂತೆ. ಪಾಪ, ಒಂದು ಸಲ ಸಾಕೆಂದು ಹೇಳಿ, ತಟ್ಟೆಗೆ ಬಿದ್ದ ಎಣ್ಣೆಗಾಯಿಯನ್ನು ಬೆರಗಿನಿಂದ ನೋಡುತ್ತಿದ್ದಳು.

ಬೆಳಿಗ್ಗೆ ಅವಳು ತಾರಸಿಗೆ ಹೋಗಿ ನೀರಿನ ಟ್ಯಾಂಕಿನ ಪಕ್ಕ ನಿಂತು ಅಭ್ಯಾಸ ಮಾಡುತ್ತಿದ್ದಳು. ಅವ್ವ ಅಲ್ಲೇ ಮೆಣಸಿನಕಾಯಿ ಹರವುವ ನೆಪದಲ್ಲಿ ಕಿವಿಗೊಟ್ಟು ಕೂರುತ್ತಿದ್ದಳು. ಎರಡನೆಯ ದಿನ ಅವ್ವ ಚಿಂತೆಯಿಂದ ಕೆಳಗಿಳಿದು ಬಂದಳು.

"ಸುಮಾ, ಈ ಹುಡುಗಿಗೆ ಮುಂದಿಂದು ಬರೂದಿಲ್ಲೇನ?"

"ಮುಂದಿಂದು ಅಂದ್ರ?"

"ಎರಡ ಸ್ವರದಾಗ ನಿಂತುಬಿಟ್ಟಾಳ ನೋಡ. ಮ್ಯಾಲ ಹೋಗವಲ್ಲಳು, ಕೆಳಗ ಇಳಿಯವಲ್ಲಳು. ಇಷ್ಟ ಹಾಡಾಕ ಅಷ್ಟ ದೂರದಿಂದ ವಿಮಾನ ಹತ್ತಿ ಬಂದಾಳೇನ? ಉಳಿದ ಹುಡುಗ್ರು ಚುಡಾಯಿಸೂದಿಲ್ಲ ಆಕಿನ್ನ?"

ನನಗೂ ಅದೇ ಅನುಮಾನ ಬಂದಿತ್ತು. ಆದರೆ ನಾನು ಕಾಲೇಜು ಓದುವವಳು, ಪಾಶ್ಚಾತ್ಯ ಸಂಗೀತ ಅಂದರೆ ಹಾಗೇ ಎಂದು ಗಂಭೀರವಾಗಿ ಹೇಳಿಬಿಟ್ಟೆ. ಅವ್ವನಿಗೆ ಸಮಾಧಾನವಾಗಲಿಲ್ಲ. ಅವಳ ಲೆಕ್ಕದಲ್ಲಿ ಹಾಡು ಎಂದರೆ ಎಲ್ಲರೂ ಕೂತು ಒಂದನ್ನೇ ಹಾಡುವುದು. ಸೋಬಾನೆಯಾಗಲಿ, ಭಜನೆಯಾಗಲಿ, ಹತ್ತು ಜನ ಸೇರಿದರೂ ಹಾಡು ಒಂದೇ. ಈ ಹುಡುಗಿಯ ಹಾಡು ಅದಲ್ಲ. ಕನಿಕರ ಉಕ್ಕಿ ಅವ್ವ ಅಂದು ಅವಳ ರೊಟ್ಟಿಗೆ ಬೆಣ್ಣೆ ಹೆಚ್ಚು ಹಾಕಿದಳು.

ಹೆಲ್ಮಿಗೆ ಹೇಗೋ ಸುಳಿವು ಹತ್ತಿತು. ನಗಲಿಲ್ಲ. ನಾಲ್ಕು ಲೋಟಗಳನ್ನು ಅವ್ವನ ಮುಂದೆ ಸಾಲಾಗಿಟ್ಟು, ಒಂದೊಂದನ್ನೇ ಮುಟ್ಟಿ ವಿವರಿಸಿದಳು. ಅವರ ಹಾಡಿನಲ್ಲಿ ನಾಲ್ಕು ದಾರಿಗಳು, ನಾಲ್ಕೂ ಬೇರೆ ಬೇರೆ, ಒಟ್ಟಿಗೇ ನಡೆಯುತ್ತವೆ. ತನ್ನದು ಒಳಗಿನದು, ಯಾರೂ ಗಮನಿಸುವುದಿಲ್ಲ, ಒಂಟಿಯಾಗಿ ಕೇಳಿದರೆ ಏನೂ ಅನ್ನಿಸುವುದಿಲ್ಲ. ಇದು ಅವರ ಊರಿನ ಜೋಗುಳ. ನಾಲ್ಕೂ ಕೂಡಿದಾಗ ಕೇಳಬೇಕು. ಶನಿವಾರ ಸಂಜೆ ಚರ್ಚಿನ ಸಭಾಂಗಣದಲ್ಲಿ ಕೊನೆಯ ಕಾರ್ಯಕ್ರಮ, ಇದನ್ನು ಹಾಡಿಯೇ ಪ್ರವಾಸ ಮುಗಿಸುತ್ತೇವೆ, ಅಮ್ಮ ಬರಲೇಬೇಕು ಎಂದಳು.

ಅವ್ವ ನಾಲ್ಕು ಲೋಟಗಳನ್ನು ತುಂಬಾ ಹೊತ್ತು ನೋಡಿದಳು. ಊರು ಬಿಟ್ಟು ಬಂದ ಮೇಲೆ ಒಂದು ಸಭೆಗೂ ಹೋಗದವಳು ಕೊನೆಗೆ, "ಇಲಕಲ್ಲ ಸೀರಿ ತಗದಿಡು. ಕೂಸಿನ ಹಾಡು ಪೂರಾ ಕೇಳಬೇಕು ನಾ," ಎಂದಳು.

ಇಲ್ಲಿಯ ತನಕ ಎಲ್ಲ ಸರಿಯಾಗಿಯೇ ಇತ್ತು. ಕೆಟ್ಟಿದ್ದು ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಅಧ್ಯಕ್ಷ ರಾಜಶೇಖರಯ್ಯನವರ ಕಿವಿಗೆ ಸುದ್ದಿ ಬಿದ್ದಾಗ. ಸರ್ಕಾರಿ ಕೆಲಸದಿಂದ ನಿವೃತ್ತರಾದ ದಿನ ಅವರಿಗೆ ಭರ್ಜರಿ ಸನ್ಮಾನವಾಗಿತ್ತಂತೆ. ಅದರ ಗುಂಗಿನಿಂದ ಅವರು ಹೊರಗೆ ಬಂದೇ ಇರಲಿಲ್ಲ. ಗ್ರೇಸ್ ಮಿಸ್ ಕರೆದ ಸಭೆಗೆ ಬಂದು ಕೂತವರೇ, "ವಿದೇಶದಿಂದ ಬಂದವ್ರೆ ರೀ. ಬರೀ ಕೈಯಲ್ಲಿ ಕಳ್ಸಕ್ಕಾಗುತ್ತಾ? ನಮ್ಮ ಸಂಸ್ಕೃತಿ ಏನು ಅಂತ ತೋರಿಸ್ಬೇಕು," ಎಂದರು.

"ಸರ್, ಹಾಡಕ್ಕೆ ಟೈಮ್ ಬಿಡಿ ಸರ್," ಎಂದು ಮಿಸ್ ಬೇಡಿಕೊಂಡರು. "ಹಾಲ್ ಎಂಟು ಗಂಟೆ ತನಕ ಮಾತ್ರ. ಆಮೇಲೆ ಯಾರದೋ ಎಂಗೇಜ್‌ಮೆಂಟ್ ಇದೆ."

"ಹಾಡೋದೇನ್ ಮೇಡಂ, ಅವ್ರೂರಲ್ಲೂ ಹಾಡ್ತಾರೆ. ಸನ್ಮಾನ ಅಲ್ಲಿ ಯಾರ್ ಮಾಡ್ತಾರೆ?"

ಹೀಗೆಂದು ಅಧ್ಯಕ್ಷರು ಶಿವಾಜಿನಗರದ ಶಾಲಿನ ವ್ಯಾಪಾರಿ ಶಕೀಲ್ ಭಾಯಿಗೆ ಹೇಳಿಕಳಿಸಿದರು. ಅವರು ಗಂಟು ಬಿಚ್ಚಿ, "ಪೀಸ್ ಎಷ್ಟು ಬೇಕಾದ್ರೂ ಐತೆ ಸಾಬ್. ಫಾರಿನ್ ಅವ್ರ ಕಲರ್‌ಗೆ ಮೆರೂನ್ ಜಬರ್ದಸ್ತ್ ಕಾಣ್ತದೆ," ಎಂದು ಸಲಹೆ ಕೊಟ್ಟರು. ಒಬ್ಬೊಬ್ಬರಿಗೂ ಒಂದೊಂದು ಶಾಲು, ಒಂದು ಹಾರ, ಒಂದು ಮೈಸೂರು ಪೇಟ, ಒಂದು ಹಣ್ಣಿನ ಬುಟ್ಟಿ, ಒಂದು ನೆನಪಿನ ಕಾಣಿಕೆ ಎಂದು ನಿರ್ಧಾರವಾಯಿತು. ಒಟ್ಟಾಗಿ ಕೊಟ್ಟುಬಿಡಬಾರದೇ ಎಂದು ಮಿಸ್ ಕೇಳಿದಾಗ ಅಧ್ಯಕ್ಷರು ನೊಂದುಕೊಂಡರು. ನನಗೆ ರೇಷ್ಮೆ ಸೀರೆ ಉಟ್ಟು ಶಾಲಿನ ತಟ್ಟೆ ಹಿಡಿದು ನಿಲ್ಲುವ ಕೆಲಸ ಸಿಕ್ಕಿತು. ವೇದಿಕೆಯ ಮೇಲೆ ಹೆಣ್ಣುಮಕ್ಕಳಿಗೆ ನಮ್ಮವರು ಕೊಡುತ್ತಿದ್ದ ಪಾತ್ರ ಅದೊಂದೇ.

ಶನಿವಾರ ಸಂಜೆ ಅವ್ವ ಇಲಕಲ್ಲ ಸೀರೆಯುಟ್ಟು ಎಲ್ಲರಿಗಿಂತ ಮೊದಲು ಬಂದು ಮುಂದಿನ ಸಾಲಿನಲ್ಲಿ ಕೂತಳು. ಗಣ್ಯರು ಬರುತ್ತಾರೆಂದು ಅಲ್ಲಿಂದ ಎಬ್ಬಿಸಿದರು. ಎರಡನೆಯ ಸಾಲಿನಿಂದ ಗಣ್ಯರ ಮನೆಯವರಿಗಾಗಿ ಎಬ್ಬಿಸಿದರು. ಅವ್ವ ಒಂದೂ ಮಾತಾಡದೆ ಸೆರಗು ಹೊದ್ದು ಹಿಂದೆ ಹಿಂದೆ ಸರಿಯುತ್ತ ಕೊನೆಗೆ ಬಾಗಿಲ ಹತ್ತಿರದ ಕುರ್ಚಿಯಲ್ಲಿ ನೆಲೆಯಾದಳು. ತಟ್ಟೆ ಹಿಡಿದು ನಿಂತಿದ್ದ ನನಗೆ ಅವಳ ತಲೆ ಮಾತ್ರ ಕಾಣುತ್ತಿತ್ತು.

ಪ್ರಾರ್ಥನೆಯಾಯಿತು. ದೀಪ ಹಚ್ಚಲು ಹೋದರೆ ಫ್ಯಾನಿನ ಗಾಳಿ, ಫ್ಯಾನ್ ನಿಲ್ಲಿಸಿದರೆ ಸೆಕೆ. ಸ್ವಾಗತ ಭಾಷಣವಾಯಿತು, ಪ್ರಾಸ್ತಾವಿಕ ನುಡಿಯಾಯಿತು, ಸ್ವಾಗತದಲ್ಲಿ ಬಿಟ್ಟುಹೋದವರಿಗೆ ಇನ್ನೊಮ್ಮೆ ಸ್ವಾಗತವಾಯಿತು. ಆಮೇಲೆ ಸನ್ಮಾನ. ಒಬ್ಬರನ್ನು ಕರೆಯುವುದು, ಶಾಲು ಹೊದಿಸುವುದು, ಹಾರ, ಪೇಟ, ಬುಟ್ಟಿ, ಕಾಣಿಕೆ, ಫೋಟೊ. ಫೋಟೊದವನ ಫ್ಲ್ಯಾಶು ಒಮ್ಮೆ ಹೊಡೆದರೆ ಮತ್ತೆ ಕಾಯಿಸಬೇಕಿತ್ತು. ಅದು ಕಾಯುವ ತನಕ ಅಧ್ಯಕ್ಷರು, ಗಣ್ಯರು, ಸನ್ಮಾನಿತರು ಎಲ್ಲರೂ ಬುಟ್ಟಿಗೆ ಕೈ ತಾಗಿಸಿಕೊಂಡು ನಗುತ್ತ ನಿಂತಿರಬೇಕು. ಗಾಯಕವೃಂದದ ನಿರ್ದೇಶಕರು ತೆಂಗಿನ ಮರದಷ್ಟು ಎತ್ತರ. ಅವರಿಗೆ ಪೇಟ ತೊಡಿಸಲು ಅಧ್ಯಕ್ಷರು ಕುರ್ಚಿ ಹತ್ತಿದರು. ಪೇಟ ದೊಡ್ಡದಾಗಿ ಅವರ ಮೂಗಿನ ತನಕ ಇಳಿಯಿತು. ಹೆಲ್ಮಿ ಸುಗಂಧರಾಜದ ಹಾರದಲ್ಲಿ ಮುಳುಗಿ ಸೀನುತ್ತಿದ್ದಳು. ವಿದೇಶದವರೆಲ್ಲ ಮುಗಿದರು ಎನ್ನುವಷ್ಟರಲ್ಲಿ, ಸನ್ಮಾನ ಮಾಡಿದ ಗಣ್ಯರಿಗೆ ಬೇಸರವಾಗಬಾರದೆಂದು ಅವರಿಗೂ ಸನ್ಮಾನವಾಯಿತು. ನನ್ನ ತಟ್ಟೆಗೆ ಶಾಲುಗಳು ಬರುತ್ತಲೇ ಇದ್ದವು.

ಏಳೂವರೆಯ ಹೊತ್ತಿಗೆ ಇನ್ನೊಂದು ಸೊಗಸು ನಡೆಯಿತು. ನಿಶ್ಚಿತಾರ್ಥದ ಕಡೆಯ ಜನ ಒಬ್ಬೊಬ್ಬರಾಗಿ ಬಂದು ಖಾಲಿ ಕುರ್ಚಿಗಳಲ್ಲಿ ಕೂರತೊಡಗಿದರು. ಸಭಾಂಗಣ ತುಂಬಿತು. ಜರತಾರಿ ಸೀರೆ, ಮಲ್ಲಿಗೆ ಹೂವು, ಕೈಯಲ್ಲಿ ಉಡುಗೊರೆ. ಇಷ್ಟು ಜನ ತಮ್ಮ ಮಾತು ಕೇಳಲು ಬಂದದ್ದನ್ನು ಜೀವನದಲ್ಲೇ ಕಾಣದ ಅಧ್ಯಕ್ಷರು ಭಾವುಕರಾಗಿ, ಮುಗಿಸುತ್ತಿದ್ದ ಭಾಷಣವನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡರು. ಹಿಂದಿನ ಬಾಗಿಲಿನಿಂದ ಬಿರಿಯಾನಿಯ ದೊಡ್ಡ ಡೇಗು ಪಾತ್ರೆಗಳು ಒಳಗೆ ಬಂದವು.

ಅಂತೂ ಗ್ರೇಸ್ ಮಿಸ್ ಕಣ್ಣಲ್ಲೇ ಅತ್ತುಕೊಂಡು ಕೈಗಡಿಯಾರ ತೋರಿಸಿದ ಮೇಲೆ ಹಾಡುವವರು ಸಾಲಾಗಿ ನಿಂತರು. ಶಾಲು, ಹಾರ, ಪೇಟ ಯಾವುದನ್ನೂ ತೆಗೆಯುವಂತಿಲ್ಲ, ತೆಗೆದರೆ ಅವಮಾನ ಎಂದು ಯಾರೋ ಅವರಿಗೆ ಹೇಳಿದ್ದರು. ಹೆಲ್ಮಿ ಹಾರದ ಮೇಲಿನಿಂದ ಕತ್ತು ಉದ್ದ ಮಾಡಿ ಬಾಗಿಲ ಕಡೆ ಅವ್ವನನ್ನು ಹುಡುಕುತ್ತಿದ್ದಳು. ನಿರ್ದೇಶಕರು ಹಾಡು ಶುರುಮಾಡಿಸಲು ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹತ್ತಿರ ತಂದರು.

ಅವರು ಕೈ ಮುಗಿದು ಬೀಳ್ಕೊಡುಗೆ ಕೇಳುತ್ತಿದ್ದಾರೆಂದು ಅಧ್ಯಕ್ಷರು ತಿಳಿದರು. ತಕ್ಷಣ ಎದ್ದು ತಾವೂ ಕೈ ಮುಗಿದರು. ಅಧ್ಯಕ್ಷರು ಎದ್ದರೆಂದು ಗಣ್ಯರು ಎದ್ದರು, ಗಣ್ಯರು ಎದ್ದರೆಂದು ಸಭೆ ಎದ್ದಿತು. ನಿಶ್ಚಿತಾರ್ಥದವರೂ ಎದ್ದು ನಮಸ್ಕಾರ ಮಾಡಿದರು. ನಿರೂಪಕರು "ಇಲ್ಲಿಗೆ ಕಾರ್ಯಕ್ರಮ ಮುಕ್ತಾಯ" ಎಂದರು. ಎತ್ತಿದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ನಿರ್ದೇಶಕರು ಅವನ್ನು ಮುಗಿದೇ ಬಿಟ್ಟರು. ಹಾಡುವವರ ಹಿಂದಿನಿಂದ ಹುಡುಗ ಹುಡುಗಿ ಕೂರುವ ಸೋಫಾ ವೇದಿಕೆ ಹತ್ತಿತು.

ಮನೆಗೆ ಬರುವ ದಾರಿಯಲ್ಲಿ ಅವ್ವ ಕೇಳಿದ್ದು ಒಂದೇ. "ಹಾಡು?"

"ಆಗಲಿಲ್ಲವ್ವಾ."

ಹೆಲ್ಮಿಯ ದೇಶದವರ ಮೌನಕ್ಕೂ ನಮ್ಮ ಅವ್ವನ ಮೌನಕ್ಕೂ ಅಂದು ವ್ಯತ್ಯಾಸ ಕಾಣಲಿಲ್ಲ. ನನಗೆ ಅಧ್ಯಕ್ಷರ ಮೇಲೆ ಸಿಟ್ಟು ಬಂದು, ಆ ಕುರ್ಚಿಯ ಮೇಲಿಂದ ಅವರು ಬೀಳಬಾರದಿತ್ತೇ ಅನ್ನಿಸಿತು.

ಮರುದಿನ ಬೆಳಿಗ್ಗೆ ಚರ್ಚಿನ ಗೇಟಿನ ಮುಂದೆ ಬಸ್ಸು ನಿಂತಿತ್ತು. ಹಲಸೂರಿನ ಮೇಲೆ ಹಾಯ್ದು ಹಳೇ ವಿಮಾನ ನಿಲ್ದಾಣಕ್ಕೆ ಹೋಗಬೇಕು. ಎಲ್ಲ ಮನೆಯವರೂ ಬೀಳ್ಕೊಡಲು ಬಂದಿದ್ದರು. ಅವ್ವ ಖಡಕ್ ರೊಟ್ಟಿಯ ಗಂಟನ್ನೂ ಶೇಂಗಾ ಚಟ್ನಿಯ ಪೊಟ್ಟಣವನ್ನೂ ಹಿಡಿದು ಬಂದಳು. ಹೆಲ್ಮಿ ಅದನ್ನು ಎದೆಗವುಚಿಕೊಂಡು ಬಸ್ಸಿನ ಮೆಟ್ಟಿಲು ಹತ್ತಿದಳು.

"ಸುಮಾ, ಹಾಡ ಅಂತ ಹೇಳ ಆಕಿಗೆ," ಎಂದಳು ಅವ್ವ.

"ಇಲ್ಲೇ? ರಸ್ತೆದಾಗ? ಅವ್ರಿಗೆ ಲೇಟ್ ಆಗ್ತದವ್ವಾ. ನಾಲ್ಕ ಮಂದಿ ನೋಡ್ತಾರ."

ನಾನು ಕೇಳುವವಳಲ್ಲ ಎಂದು ಅವ್ವನಿಗೆ ತಿಳಿಯಿತು. ಗುಂಪನ್ನು ಸರಿಸಿಕೊಂಡು ತಾನೇ ಬಸ್ಸಿನ ಬಾಗಿಲಿಗೆ ಹೋದಳು. ಹೆಲ್ಮಿಯ ಕೈ ಹಿಡಿದಳು. ಏನು ಹೇಳಿದರೂ ಆ ಹುಡುಗಿಗೆ ತಿಳಿಯುವುದಿಲ್ಲವಲ್ಲ, ಒಂದು ಗಳಿಗೆ ತಡವರಿಸಿ, ಆಮೇಲೆ ಹಾಡಿದಳು. ಆ ಎರಡೇ ಸ್ವರ. ಒಂದರಲ್ಲಿ ನಿಂತು, ಇನ್ನೊಂದಕ್ಕೆ ಇಳಿದು, ಮತ್ತೆ ಮೊದಲಿನದಕ್ಕೆ. ಮೆಣಸಿನಕಾಯಿ ಹರವುತ್ತ ಅವ್ವ ಅದನ್ನು ಪೂರ್ತಿ ಕಲಿತುಬಿಟ್ಟಿದ್ದಳು. ಗೇಟು ದಾಟಿದರೆ ಬಾಯಿ ಬಿಡದವಳು ನಡುರಸ್ತೆಯಲ್ಲಿ, ಎದುರು ಮನೆಯವರ, ಮನೆಯೊಡತಿಯ, ಹಾಲಿನವನ ಮುಂದೆ ಹಾಡುತ್ತಿದ್ದಳು.

ಹೆಲ್ಮಿ ಒಳಗೆ ತಿರುಗಿ ತನ್ನ ಭಾಷೆಯಲ್ಲಿ ಏನೋ ಕೂಗಿದಳು. ಎಲ್ಲರೂ ದಡದಡನೆ ಇಳಿದರು. ಡ್ರೈವರ್ ಹಾರ್ನ್ ಹೊಡೆದ, ನಿರ್ದೇಶಕರು ಅವನಿಗೆ ಬೆರಳು ತೋರಿಸಿ ಸುಮ್ಮನಿರಿಸಿದರು. ಪೇಟವಿಲ್ಲ, ಹಾರವಿಲ್ಲ, ಮಾಮೂಲಿ ಅಂಗಿಗಳಲ್ಲಿ ಮಳೆಮರದ ಕೆಳಗೆ ಅರ್ಧ ಸುತ್ತು ನಿಂತರು. ಹೆಲ್ಮಿ ಅವ್ವನ ಕೈ ಬಿಡದೆ ತನ್ನ ಪಕ್ಕದಲ್ಲೇ, ಸಾಲಿನ ಒಳಗೇ ನಿಲ್ಲಿಸಿಕೊಂಡಳು. ನಿರ್ದೇಶಕರ ಕೈ ಮೇಲೆದ್ದಿತು.

ಆ ಹಾಡನ್ನು ಹೇಗೆಂದು ಹೇಳಲಿ? ಮೇಲೊಂದು ದನಿ ಹೊರಟಿತು, ಕೆಳಗೊಂದು ಬಂದು ಅದನ್ನು ಹೊತ್ತಿತು, ಇನ್ನೊಂದು ಬಳಸಿಕೊಂಡು ಹೋಯಿತು, ನಡುವೆ ಹೆಲ್ಮಿಯ ಎರಡು ಸ್ವರ ಅಲುಗಾಡದೆ ನಿಂತವು. ಸಭಾಂಗಣದ ಬಾಗಿಲ ಹತ್ತಿರ ಕೂತಿದ್ದರೆ ಅವ್ವನಿಗೆ ಆ ಒಳದನಿ ಖಂಡಿತ ಕೇಳಿಸುತ್ತಿರಲಿಲ್ಲ. ಇಲ್ಲಿ ಅವಳ ಕಿವಿ ಹೆಲ್ಮಿಯ ಭುಜಕ್ಕೆ ತಾಗುವಷ್ಟು ಹತ್ತಿರವಿತ್ತು. ಅವ್ವ ಕಣ್ಣು ಮುಚ್ಚಿ ತಲೆದೂಗುತ್ತಿದ್ದಳು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ಜೋಗುಳ ಅರ್ಧಕ್ಕೆ ಬಂದಿರಬೇಕು, ಆಟೋದಿಂದ ರಾಜಶೇಖರಯ್ಯನವರು ಇಳಿದರು. ಕೈಯಲ್ಲಿ ದೊಡ್ಡದೊಂದು ಹೂಗುಚ್ಛ. ಜನ ಸೇರಿದ್ದು ಕಂಡು ಅವರ ಮುಖ ಅರಳಿತು. ನೇರ ನಡುವೆ ಬಂದು ನಿಂತು, ಕೆಮ್ಮಿ, ಗಂಟಲು ಸರಿಮಾಡಿಕೊಂಡು, "ಮಾನ್ಯರೇ, ಈ ಶುಭ ಸಂದರ್ಭದಲ್ಲಿ..." ಎಂದು ಆರಂಭಿಸಿದರು. ಗ್ರೇಸ್ ಮಿಸ್ ತಲೆಯ ಮೇಲೆ ಕೈ ಹೊತ್ತರು. ಬೇರೆ ಯಾರೂ ಅಲುಗಾಡಲಿಲ್ಲ. ಅಧ್ಯಕ್ಷರಿಗೆ ಎದುರು ಹೇಳುವುದು ನಮ್ಮ ಬೀದಿಯಲ್ಲಿ ಯಾರಿಗೂ ರೂಢಿಯಿರಲಿಲ್ಲ.

ಅವ್ವ ಕಣ್ಣು ತೆರೆದಳು.

"ಅಣ್ಣಾರ, ಸುಮ್ಮ ನಿಂದರ್ರಿ ಸ್ವಲ್ಪ," ಎಂದಳು, ಇಡೀ ಕುಕ್ ಟೌನಿಗೆ ಕೇಳುವ ಹಾಗೆ, ಅಪ್ಪಟ ಗದಗಿನ ಕನ್ನಡದಲ್ಲಿ. "ನಮ್ಮ ಹುಡುಗಿ ಹಾಡಾಕತ್ತಾಳ."